ಪಟ್ಟಿಯಲ್ಲಿ ತಾರೆಯರು, ಫಲಿತಾಂಶ ಗೋಲ್‌ಕೀಪರ್ ಕೈಯಲ್ಲಿ

2025ರ ಮೇ 22. ಡೆನ್ಮಾರ್ಕ್‌ನ ಹರ್ನಿಂಗ್ ನಗರದಲ್ಲಿ ವಿಶ್ವ ಐಸ್ ಹಾಕಿ ಚಾಂಪಿಯನ್‌ಷಿಪ್‌ನ ಕ್ವಾರ್ಟರ್‌ಫೈನಲ್. ಒಂದು ಕಡೆ 28 ಬಾರಿ ವಿಶ್ವ ಪ್ರಶಸ್ತಿ ಗೆದ್ದ ಕೆನಡಾ. ಸಿಡ್ನಿ ಕ್ರಾಸ್ಬಿ, ನೇಥನ್ ಮೆಕಿನನ್ ಅವರಂಥ ಘಟಾನುಘಟಿಗಳು ಅದರ ಪರ ಕಣಕ್ಕಿಳಿದಿದ್ದರು. ಇನ್ನೊಂದು ಕಡೆ ಈ ಟೂರ್ನಿಯಲ್ಲಿ ಅದುವರೆಗೆ ಒಂದು ಪದಕವನ್ನೂ ಕಾಣದ ಆತಿಥೇಯ ಡೆನ್ಮಾರ್ಕ್. ಪಂದ್ಯ ಮುಗಿಯಲು ಎರಡೂವರೆ ನಿಮಿಷವೂ ಉಳಿದಿರಲಿಲ್ಲ, ಕೆನಡಾ 1–0ರಿಂದ ಮುಂದಿತ್ತು. ಆಗ ನಿಕೊಲಾಯ್ ಏಲರ್ಸ್ ಗೋಲು ಹೊಡೆದು ಸಮ ಮಾಡಿದರು. 49 ಸೆಕೆಂಡು ಬಾಕಿ ಇರುವಾಗ ನಿಕ್ ಓಲೆಸೆನ್ ಇನ್ನೊಂದು ಗೋಲು ಬಾರಿಸಿದರು. ಕೆನಡಾ ಗಂಟುಮೂಟೆ ಕಟ್ಟಿತು.

ಇಂಥ ಫಲಿತಾಂಶ ಬಂದಾಗಲೆಲ್ಲ ಈ ಆಟದಲ್ಲಿ ಭವಿಷ್ಯ ಹೇಳುವುದೇ ವ್ಯರ್ಥ ಎಂದು ಕೈಚೆಲ್ಲುವವರಿದ್ದಾರೆ. ಆ ಮಾತು ಅರ್ಧ ಮಾತ್ರ ನಿಜ. 2020ರಲ್ಲಿ ಕೊರೊನಾದಿಂದಾಗಿ ಟೂರ್ನಿ ರದ್ದಾಯಿತು. ಆ ವರ್ಷವನ್ನು ಬಿಟ್ಟರೆ 2015ರಿಂದ 2025ರವರೆಗೆ ಹತ್ತು ವಿಶ್ವ ಚಾಂಪಿಯನ್‌ಷಿಪ್‌ಗಳು ನಡೆದಿವೆ. ಚಿನ್ನ ಗೆದ್ದವು ಐದೇ ದೇಶಗಳು: ಕೆನಡಾ, ಸ್ವೀಡನ್, ಫಿನ್ಲೆಂಡ್, ಜೆಕ್ ಗಣರಾಜ್ಯ, ಅಮೆರಿಕ. ಅಂದರೆ ಒಂದು ರಾತ್ರಿಯ ಅಚ್ಚರಿ ಯಾರಿಂದಲಾದರೂ ಆದೀತು, ಎರಡು ವಾರ ನಿಂತು ಗೆಲ್ಲುವುದು ಕೆಲವರಿಗಷ್ಟೇ ಸಾಧ್ಯ. ತಂಡಗಳ ಬಲಾಬಲ ತೂಗುವವರು ಈ ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ಅಚ್ಚರಿಯ ಗುಟ್ಟು ಆಟದ ರಚನೆಯಲ್ಲೇ ಇದೆ. ಒಂದು ಸಲಕ್ಕೆ ಮಂಜಿನ ಅಂಗಳದಲ್ಲಿ ಇರುವುದು ತಂಡಕ್ಕೆ ಆರು ಮಂದಿ: ಮೂವರು ಫಾರ್ವರ್ಡ್‌ಗಳು, ಇಬ್ಬರು ಡಿಫೆಂಡರ್‌ಗಳು, ಒಬ್ಬ ಗೋಲ್‌ಕೀಪರ್. ಇಪ್ಪತ್ತು ನಿಮಿಷದ ಮೂರು ಅವಧಿಗಳ ಆಟ. ಫಾರ್ವರ್ಡ್‌ಗಳು, ಡಿಫೆಂಡರ್‌ಗಳು ಒಂದು ಸರದಿಯಲ್ಲಿ ಸುಮಾರು ಮುಕ್ಕಾಲು ನಿಮಿಷ ಮೈಮುರಿದು ಆಡಿ ಬೆಂಚಿಗೆ ಮರಳುತ್ತಾರೆ, ಅವರ ಜಾಗಕ್ಕೆ ಬೇರೆಯವರು ನುಗ್ಗುತ್ತಾರೆ. ಎಷ್ಟೇ ದೊಡ್ಡ ತಾರೆಯಾದರೂ ಪಂದ್ಯದ ಬಹುಪಾಲು ಸಮಯ ಕುಳಿತೇ ಇರುತ್ತಾನೆ. ಅರವತ್ತು ನಿಮಿಷವೂ ನಿಲ್ಲುವವನು ಗೋಲ್‌ಕೀಪರ್ ಒಬ್ಬನೇ.

ಅವನ ಬೆಲೆಯನ್ನು ಸರಳ ಲೆಕ್ಕದಲ್ಲೇ ತಿಳಿಯಬಹುದು. ಎದುರಾಳಿ ಒಂದು ಪಂದ್ಯದಲ್ಲಿ 30 ಬಾರಿ ಗೋಲಿನತ್ತ ಹೊಡೆದರೆ, ಶೇ 92ರಷ್ಟು ಹೊಡೆತ ತಡೆಯುವ ಗೋಲ್‌ಕೀಪರ್ ಸರಾಸರಿ 2.4 ಗೋಲು ಬಿಡುತ್ತಾನೆ. ಶೇ 88ರಷ್ಟು ತಡೆಯುವವನು 3.6 ಗೋಲು ಬಿಡುತ್ತಾನೆ. ಒಂದು ಗೋಲಿನಿಂದ ಹಣೆಬರಹ ತೀರ್ಮಾನವಾಗುವ ಪಂದ್ಯಗಳೇ ಹೆಚ್ಚಿರುವ ಘಟ್ಟದಲ್ಲಿ ಈ ನಾಲ್ಕು ಶೇಕಡಾ ಇಡೀ ತಂಡದ ಬಲವನ್ನೇ ಬದಲಿಸುತ್ತದೆ.

2014ರ ಸೋಚಿ ಒಲಿಂಪಿಕ್ಸ್‌ನ ಕ್ವಾರ್ಟರ್‌ಫೈನಲ್ ಇದಕ್ಕೆ ಒಳ್ಳೆಯ ಸಾಕ್ಷಿ. ಲಾಟ್ವಿಯಾದ ಗೋಲ್‌ಕೀಪರ್ ಕ್ರಿಸ್ಟರ್ಸ್ ಗುಡ್ಲೆವ್‌ಸ್ಕಿಸ್‌ಗೆ ಆಗ 21 ವರ್ಷ. ಕೆನಡಾ ಅವರ ಮೇಲೆ 57 ಹೊಡೆತಗಳ ಮಳೆಗರೆಯಿತು. ಅವರು 55 ತಡೆದರು. ಕೊನೆಯ ಏಳು ನಿಮಿಷದವರೆಗೂ ಪಂದ್ಯ 1–1. ಲಾಟ್ವಿಯಾದ ಆಟಗಾರನೊಬ್ಬ ತಪ್ಪೆಸಗಿ ಹೊರಗೆ ಕುಳಿತಿದ್ದಾಗ, ಒಬ್ಬ ಹೆಚ್ಚುವರಿ ಆಟಗಾರನೊಂದಿಗೆ ಆಡುವ ಆ ‘ಪವರ್ ಪ್ಲೇ’ ಅವಕಾಶದಲ್ಲಿ ಶೇ ವೆಬರ್ ಹೊಡೆದ ಗೋಲಿನಿಂದ ಕೆನಡಾ ಬಚಾವಾಯಿತು. ಮುಂದೆ ಅದೇ ಕೆನಡಾ ಚಿನ್ನ ಗೆದ್ದಿತು, ಆರು ಪಂದ್ಯಗಳಲ್ಲಿ ಬಿಟ್ಟದ್ದು ಮೂರೇ ಗೋಲು. 1998ರ ನಾಗಾನೊ ಒಲಿಂಪಿಕ್ಸ್‌ನಲ್ಲಂತೂ ಜೆಕ್ ಗೋಲ್‌ಕೀಪರ್ ಡೊಮಿನಿಕ್ ಹಾಶೆಕ್ ಸೆಮಿಫೈನಲ್‌ನ ಶೂಟೌಟ್‌ನಲ್ಲಿ ಕೆನಡಾದ ಐದೂ ಆಟಗಾರರನ್ನು ತಡೆದರು. ಫೈನಲ್‌ನಲ್ಲಿ ರಷ್ಯಾಕ್ಕೂ ಒಂದು ಗೋಲು ಕೊಡಲಿಲ್ಲ. ಚಿನ್ನ ಜೆಕ್ ಪಾಲಾಯಿತು.

ಎರಡನೆಯದಾಗಿ ನೋಡಬೇಕಾದದ್ದು ಕ್ಯಾಲೆಂಡರ್. ಐಪಿಎಲ್ ನಡೆಯುತ್ತಿರುವಾಗಲೇ ಕ್ರಿಕೆಟ್ ವಿಶ್ವಕಪ್ ಇಟ್ಟರೆ ಹೇಗಿರುತ್ತದೋ, ವಿಶ್ವ ಐಸ್ ಹಾಕಿ ಚಾಂಪಿಯನ್‌ಷಿಪ್‌ನ ಸ್ಥಿತಿ ಹಾಗೆ. ಅದು ನಡೆಯುವುದು ಮೇ ತಿಂಗಳಲ್ಲಿ. ಅದೇ ಹೊತ್ತಿಗೆ ಉತ್ತರ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಸ್ಟ್ಯಾನ್ಲಿ ಕಪ್‌ಗಾಗಿ ಪ್ಲೇ ಆಫ್ ನಡೆಯುತ್ತಿರುತ್ತದೆ. ಅಲ್ಲಿ ಕ್ಲಬ್ ಸೋತ ಮೇಲಷ್ಟೇ ಆಟಗಾರ ದೇಶದ ಪರ ಆಡಲು ಬರಬಹುದು. 2025ರಲ್ಲಿ ಕ್ರಾಸ್ಬಿಯ ಪಿಟ್ಸ್‌ಬರ್ಗ್ ಪ್ಲೇ ಆಫ್ ತಲುಪಿರಲಿಲ್ಲ, ಮೆಕಿನನ್‌ರ ಕೊಲರಾಡೊ ಮೊದಲ ಸುತ್ತಿನಲ್ಲೇ ಸೋತಿತ್ತು. ಏಲರ್ಸ್‌ರ ವಿನಿಪೆಗ್ ಹೊರಬಿದ್ದದ್ದು ಮೇ 17ರಂದು. ಐದು ದಿನಗಳ ನಂತರ ಅವರೇ ಕೆನಡಾ ವಿರುದ್ಧ ಸಮಬಲದ ಗೋಲು ಹೊಡೆದರು. ಟೂರ್ನಿ ಶುರುವಾಗುವ ಮುನ್ನ ಪ್ರಕಟವಾದ ಪಟ್ಟಿ ಹಿಡಿದು ತೀರ್ಪು ಕೊಟ್ಟವರಿಗೆ ಈ ಗೋಲು ಕಾಣುವಂತಿರಲಿಲ್ಲ.

ಎನ್‌ಎಚ್‌ಎಲ್ ಆಟಗಾರರನ್ನೇ ಬಿಟ್ಟುಕೊಡದ 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಜರ್ಮನಿ ಸ್ವೀಡನ್ನನ್ನೂ ಕೆನಡಾವನ್ನೂ 4–3ರಿಂದ ಕೆಡವಿ ಬೆಳ್ಳಿ ಗೆದ್ದಿತು. ದೊಡ್ಡ ದೇಶಗಳು ತಾರೆಯರನ್ನು ಕಳೆದುಕೊಂಡಷ್ಟೂ, ಸ್ವದೇಶಿ ಲೀಗ್ ಗಟ್ಟಿಯಾಗಿರುವ ದೇಶಗಳ ಸಾಧ್ಯತೆ ಏರುತ್ತದೆ.

ಇದರ ಪರಮಾವಧಿ 2019ರ ಫಿನ್ಲೆಂಡ್ ತಂಡ. ವಿಶ್ವ ಚಾಂಪಿಯನ್‌ಷಿಪ್‌ಗಾಗಿ ಸ್ಲೊವಾಕಿಯಾಕ್ಕೆ ಬಂದಿಳಿದಾಗ ಆ ತಂಡದಲ್ಲಿ ಹೇಳಿಕೊಳ್ಳುವಂಥ ಎನ್‌ಎಚ್‌ಎಲ್ ಹೆಸರುಗಳೇ ಇರಲಿಲ್ಲ. ರಷ್ಯಾದಲ್ಲಿ ಓವೆಚ್ಕಿನ್, ಮಾಲ್ಕಿನ್, ಕುಚೆರೊವ್ ಇದ್ದರು. ಸೆಮಿಫೈನಲ್‌ನಲ್ಲಿ ಫಿನ್ಲೆಂಡ್ ಆ ರಷ್ಯಾವನ್ನು 1–0ರಿಂದ ಸೋಲಿಸಿತು, ಫೈನಲ್‌ನಲ್ಲಿ ಕೆನಡಾವನ್ನು 3–1ರಿಂದ. ರಷ್ಯಾ ವಿರುದ್ಧದ ಒಂದೇ ಗೋಲನ್ನೂ ಫೈನಲ್‌ನ ಎರಡು ಗೋಲುಗಳನ್ನೂ ಹೊಡೆದವರು ನಾಯಕ ಮಾರ್ಕೊ ಆಂಟಿಲಾ. ಗೋಲ್‌ಕೀಪರ್ ಕೆವಿನ್ ಲಂಕಿನೆನ್. ಕೋಚ್ ಯುಕ್ಕಾ ಯಾಲೊನೆನ್ ಆ ತಂಡವನ್ನು ಕಟ್ಟಿದ್ದೇ ಒಗ್ಗಟ್ಟಿನ ರಕ್ಷಣೆಯ ಮೇಲೆ. ಅಪರಿಚಿತರೆನಿಸಿಕೊಂಡವರು ಒಂದೇ ಪದ್ಧತಿಗೆ ಒಗ್ಗಿಕೊಂಡರೆ ತಾರೆಯರ ಗುಂಪನ್ನು ಮಣಿಸಬಲ್ಲರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಹೆಚ್ಚಿನವರು ನೆಚ್ಚುವುದು ವಿಶ್ವ ರ‍್ಯಾಂಕಿಂಗ್ ಮತ್ತು ಗುಂಪು ಹಂತದ ಫಲಿತಾಂಶಗಳನ್ನು. ರ‍್ಯಾಂಕಿಂಗ್ ಹಿಂದಿನ ನಾಲ್ಕು ವರ್ಷಗಳ ಸಾಧನೆ ಲೆಕ್ಕ ಹಾಕುತ್ತದೆ, ಹಳೆಯ ವರ್ಷಕ್ಕೆ ಕಡಿಮೆ ತೂಕ ಕೊಡುತ್ತದೆ. ದೇಶದ ಒಟ್ಟು ಮಟ್ಟ ತಿಳಿಯಲು ಅದು ಸಾಕು, ಈ ಬಾರಿ ಬಂದಿರುವ ತಂಡದ ಬಗ್ಗೆ ಅದೇನೂ ಹೇಳದು. ಗುಂಪು ಹಂತವೂ ದಾರಿ ತಪ್ಪಿಸುತ್ತದೆ. ಹದಿನಾರು ತಂಡಗಳು, ಎಂಟರಂತೆ ಎರಡು ಗುಂಪು, ಪ್ರತಿ ಗುಂಪಿನಿಂದ ನಾಲ್ಕು ತಂಡಗಳಿಗೆ ಕ್ವಾರ್ಟರ್‌ಫೈನಲ್. ಹಾಗಾಗಿ ಎಡವಿದವರಿಗೂ ಚೇತರಿಸಿಕೊಳ್ಳಲು ಅವಕಾಶವಿದೆ. 2021ರಲ್ಲಿ ಕೆನಡಾ ಮೊದಲ ಮೂರೂ ಪಂದ್ಯಗಳನ್ನು ಸೋತು, ಕೊನೆಗೆ ವಿಶ್ವ ಚಾಂಪಿಯನ್ ಆಯಿತು.

ಹಾಗಾದರೆ ಕೊನೆಯವರೆಗೂ ಉಳಿಸುವುದು ಯಾವುದು? ಆಟಗಾರರ ಆಳ. 2002ರ ಸಾಲ್ಟ್ ಲೇಕ್ ಒಲಿಂಪಿಕ್ಸ್‌ನಲ್ಲಿ ಬೆಲಾರುಸ್‌ನ ವ್ಲಾಡಿಮಿರ್ ಕೋಪಾತ್ ದೂರದಿಂದ ಹೊಡೆದ ಪಕ್ (ಆಟದ ಬಿಲ್ಲೆ) ಸ್ವೀಡನ್ ಗೋಲ್‌ಕೀಪರ್ ಟಾಮಿ ಸಾಲೊ ಅವರ ತಲೆಗೆ ಬಡಿದು ಗೋಲಿನೊಳಗೆ ಉರುಳಿತು. ಗುಂಪಿನ ಮೂರೂ ಪಂದ್ಯ ಗೆದ್ದಿದ್ದ ಸ್ವೀಡನ್ 4–3ರಿಂದ ಹೊರಬಿತ್ತು. ಸೆಮಿಫೈನಲ್‌ನಲ್ಲಿ ಬೆಲಾರುಸ್ ಕೆನಡಾದ ಕೈಲಿ 7–1ರಿಂದ ಸೋತಿತು. 2025ರ ಡೆನ್ಮಾರ್ಕ್ ಕಥೆಯೂ ಅಷ್ಟೇ: ಕೆನಡಾವನ್ನು ಕೆಡವಿದ ತಂಡ ಸೆಮಿಫೈನಲ್‌ನಲ್ಲಿ ಸ್ವಿಟ್ಜರ್‌ಲೆಂಡ್‌ಗೆ 7–0ರಿಂದ ಶರಣಾಯಿತು. ಮೂರನೇ, ನಾಲ್ಕನೇ ಸರದಿಯಲ್ಲಿ ಇಳಿಯುವವರೂ ಸಮರ್ಥರಾಗಿದ್ದರೆ ಮಾತ್ರ ಸತತ ಪಂದ್ಯಗಳ ದಣಿವು ತಡೆದುಕೊಳ್ಳಲು ಸಾಧ್ಯ.

ಈ ಅಳತೆಗಳಲ್ಲಿ ನೋಡಿದರೆ, 2025ರವರೆಗೆ ಚಿನ್ನ ಮುಟ್ಟದ ದೇಶಗಳಲ್ಲಿ ಅದಕ್ಕೆ ಅತಿ ಹತ್ತಿರ ಬಂದದ್ದು ಸ್ವಿಟ್ಜರ್‌ಲೆಂಡ್. 2013, 2018, 2024, 2025ರಲ್ಲಿ ಅದು ಫೈನಲ್ ತಲುಪಿತು. 2018ರಲ್ಲಿ ಸ್ವೀಡನ್ ಎದುರು ಸೋತದ್ದು ಶೂಟೌಟ್‌ನಲ್ಲಿ. 2025ರಲ್ಲಿ ಅಮೆರಿಕದ ಟೇಜ್ ಥಾಂಪ್ಸನ್ ಹೆಚ್ಚುವರಿ ಸಮಯದಲ್ಲಿ ಹೊಡೆದ ಒಂದೇ ಗೋಲು ಅದರ ಚಿನ್ನ ಕಸಿಯಿತು. ಟೂರ್ನಿಯ ಶ್ರೇಷ್ಠ ಆಟಗಾರ ಎನಿಸಿದ್ದು ಮಾತ್ರ ಸ್ವಿಸ್ ಗೋಲ್‌ಕೀಪರ್ ಲಿಯೊನಾರ್ಡೊ ಜೆನೋನಿ, 37ರ ವಯಸ್ಸಿನಲ್ಲಿ. ಮುಂದಿನ ಯಾವುದೇ ಟೂರ್ನಿಗೆ ಮುನ್ನ ಸಂಭವನೀಯ ವಿಜೇತರ ಪಟ್ಟಿ ಕಂಡರೆ, ಓದುಗರು ತಾರೆಯರ ಹೆಸರು ಎಣಿಸುವ ಮೊದಲು ಗೋಲ್‌ಕೀಪರ್ ಯಾರು ಎಂದು ನೋಡಲಿ.