ರಕ್ತದಲ್ಲಿ ನಡೆಯುವ ಪೈಪೋಟಿ

ಪರೋಪಜೀವಿ ಎಂದೊಡನೆ ಪರರ ಮನೆಯಲ್ಲಿ ಉಂಡು ಮಲಗುವ ಸೋಮಾರಿಯ ಚಿತ್ರ ನಮ್ಮ ಕಣ್ಣೆದುರಿಗೆ ಬರುತ್ತದೆ. ಜೀವಶಾಸ್ತ್ರದಲ್ಲಿ ಅದರ ಕಥೆಯೇ ಬೇರೆ. ಆಶ್ರಯವಿತ್ತ ಪ್ರಾಣಿಯ ರೋಗನಿರೋಧಕ ಶಕ್ತಿಯನ್ನು ತಲೆತಲಾಂತರಗಳಲ್ಲಿ ತಿದ್ದಿ ರೂಪಿಸುವಷ್ಟು ಬಲ ಅದಕ್ಕುಂಟು. ಇತಿಹಾಸದ ವಿದ್ಯಾರ್ಥಿಯಾದ ನನ್ನನ್ನು ಈ ವಿಷಯ ಸೆಳೆದುದಕ್ಕೆ ಕಾರಣ, ಈ ಯುದ್ಧದಲ್ಲಿ ಗೆದ್ದವರೂ ಕಪ್ಪ ಸಲ್ಲಿಸಬೇಕಾಗುವುದು.

ನಮ್ಮ ದೇಶದ ಕುದುರೆ, ಒಂಟೆ, ದನಗಳಿಗೆ ತಗಲುವ ಸರ್ರಾ ಎಂಬ ರೋಗವೊಂದಿದೆ. ಗ್ರಿಫಿತ್ ಎವಾನ್ಸ್ ಎಂಬ ಪಶುವೈದ್ಯನು 1880ರಲ್ಲಿ ಅಂದಿನ ಪಂಜಾಬು ಪ್ರಾಂತದಲ್ಲಿ ರೋಗ ತಗಲಿದ ಪ್ರಾಣಿಗಳ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಟ್ರಿಪನೊಸೋಮ ಎಂಬ ಏಕಕೋಶ ಜೀವಿಯನ್ನು ಕಂಡನು. ಅದನ್ನು ಹರಡುವ ನೊಣಗಳು ಮನುಷ್ಯರನ್ನೂ ಕಚ್ಚುತ್ತವೆ. ಹಾಗಿದ್ದೂ ನಮಗೇಕೆ ಸರ್ರಾ ಬರುವುದಿಲ್ಲ?

ಉತ್ತರ ನಮ್ಮ ರಕ್ತದಲ್ಲಿಯೇ ಇದೆ. ಮಲೇರಿಯಾದ ರೋಗಾಣುವನ್ನು ಕಂಡುಹಿಡಿದ ಲಾವೆರಾನನು, ಮನುಷ್ಯರಕ್ತದ ಸೀರಂ ಟ್ರಿಪನೊಸೋಮಗಳನ್ನು ಕೊಲ್ಲುವುದೆಂದು 1902ರಲ್ಲಿಯೇ ಗುರುತಿಸಿದ್ದನು. ಹಾಗೆ ಕೊಲ್ಲುವ ವಸ್ತು ಅಪೊಎಲ್1 ಎಂಬ ಪ್ರೋಟೀನೆಂದು ತಿಳಿದದ್ದು 2003ರಲ್ಲಿ. ಅದು ಕೆಲಸಮಾಡುವ ರೀತಿ ಬಹಳ ಸ್ವಾರಸ್ಯವಾಗಿದೆ. ಕೊಬ್ಬಿನ ಸಣ್ಣ ಕಣಗಳ ಜೊತೆಯಲ್ಲಿ ಅದು ರಕ್ತದಲ್ಲಿ ತೇಲುತ್ತಿರುತ್ತದೆ. ಪರೋಪಜೀವಿ ಆಹಾರದೊಡನೆ ಆ ಕಣವನ್ನೂ ನುಂಗುತ್ತದೆ. ಒಳಹೊಕ್ಕ ಪ್ರೋಟೀನು ಅದರ ಪೊರೆಗಳಲ್ಲಿ ರಂಧ್ರ ಮಾಡುತ್ತದೆ. ನೀರು ನುಗ್ಗಿ, ಉಂಡ ಜೀವಿಯೇ ಉಬ್ಬಿ ಒಡೆಯುತ್ತದೆ.

2004ರಲ್ಲಿ ಮಹಾರಾಷ್ಟ್ರದ ರೈತನೊಬ್ಬನಿಗೆ ಸರ್ರಾದ ಟ್ರಿಪನೊಸೋಮವೇ ತಗಲಿ ಜ್ವರ ಬಂತು. ಪರೀಕ್ಷಿಸಿ ನೋಡಿದರೆ ಅವನ ರಕ್ತದಲ್ಲಿ ಈ ಪ್ರೋಟೀನು ಇರಲೇ ಇಲ್ಲ! ತಂದೆಯಿಂದ ಬಂದ ಜೀನೂ ತಾಯಿಯಿಂದ ಬಂದ ಜೀನೂ ಎರಡೂ ಕೆಟ್ಟಿದ್ದವು. ಸುರಾಮಿನ್ ಔಷಧದಿಂದ ಅವನು ಗುಣಹೊಂದಿದನು.

ಆಫ್ರಿಕದಲ್ಲಾದರೋ ಪರೋಪಜೀವಿ ಸುಮ್ಮನಿರಲಿಲ್ಲ. ತ್ಸೆತ್ಸೆ ನೊಣ ಹರಡುವ ಟ್ರಿಪನೊಸೋಮಗಳಲ್ಲಿ ಒಂದು ಬಗೆಯು, ಅಪೊಎಲ್1ನ್ನು ಹಿಡಿದು ಕಟ್ಟಿಹಾಕುವ ಪ್ರೋಟೀನನ್ನು ಪಡೆಯಿತು. ಪೂರ್ವ ಆಫ್ರಿಕದ ನಿದ್ರಾರೋಗ ಅದರಿಂದಲೇ ಬರುವುದು. ಇದಕ್ಕೆ ಮರುತ್ತರವೂ ಮನುಷ್ಯನ ಕಡೆಯಿಂದ ಬಂದಿದೆ: ಜಿ1, ಜಿ2 ಎಂಬ ಬದಲಾದ ಜೀನುಗಳು. ಇವುಗಳಿಂದ, ಅದರಲ್ಲಿಯೂ ಜಿ2ರಿಂದ, ಆಗುವ ಪ್ರೋಟೀನು ಆ ಹಿಡಿತಕ್ಕೆ ಸುಲಭವಾಗಿ ಸಿಕ್ಕುವುದಿಲ್ಲ. ಯಾರೂ ಯೋಚಿಸಿ ಮಾಡಿದ ಉಪಾಯವಲ್ಲ ಇದು. ಆಕಸ್ಮಿಕವಾಗಿ ಬದಲಾದ ಜೀನನ್ನು ಹೊತ್ತವರು ಹೆಚ್ಚಾಗಿ ಬದುಕಿ ಮಕ್ಕಳನ್ನು ಪಡೆದರು, ಅಷ್ಟೆ.

ಇನ್ನು ಕಪ್ಪದ ಮಾತು. ಬದಲಾದ ಜೀನು ಒಂದೇ ಇದ್ದರೆ ಅಪಾಯ ಕಡಮೆ. ತಂದೆತಾಯಿಗಳಿಬ್ಬರಿಂದಲೂ ಬಂದರೆ ಮೂತ್ರಪಿಂಡಗಳು ಕೆಡುವ ಸಂಭವ ಬಹಳ ಹೆಚ್ಚುತ್ತದೆಂದು 2010ರಲ್ಲಿ ತಿಳಿದುಬಂತು. ಗುಲಾಮರ ಹಡಗುಗಳಲ್ಲಿ ಅಟ್ಲಾಂಟಿಕ್ ದಾಟಿಸಲ್ಪಟ್ಟವರೊಡನೆ ಈ ಜೀನೂ ಅಮೆರಿಕಕ್ಕೆ ಹೋಯಿತು. ಅಲ್ಲಿ ತ್ಸೆತ್ಸೆ ನೊಣವಿಲ್ಲ. ಅವರ ಮೊಮ್ಮಕ್ಕಳ ಮಕ್ಕಳಿಗೆ ರಕ್ಷಣೆಯ ಲಾಭ ಹೋಗಿ ಮೂತ್ರಪಿಂಡದ ರೋಗ ಮಾತ್ರ ಉಳಿಯಿತು. ಹಿಂದೆ ಪ್ರಾಣ ಉಳಿಸಿದ ಆ ಪ್ರೋಟೀನನ್ನೇ ತಡೆಯುವ ಇನಾಕ್ಸಾಪ್ಲಿನ್ ಎಂಬ ಔಷಧವನ್ನು ಕೆಲವು ರೋಗಿಗಳಿಗೆ ಕೊಟ್ಟು ನೋಡಿದಾಗ, ಮೂತ್ರದಲ್ಲಿ ಪ್ರೋಟೀನು ಸೋರುವುದು ಕಡಮೆಯಾಯಿತೆಂದು 2023ರಲ್ಲಿ ವರದಿಯಾಗಿದೆ.