ಶೆಟ್ಟಿಹಳ್ಳಿ ಚರ್ಚಿಗೆ ದೆವ್ವ ಹುಡುಕಿ ಹೊರಟವರಿಗೆ

ರಾತ್ರಿ ಟಾರ್ಚ್ ಹಿಡಿದು, ಗೈಡ್ ಹಿಂದೆ ದೆವ್ವ ಹುಡುಕುವ ನಡಿಗೆ ದೊಡ್ಡ ನಗರಗಳಲ್ಲಿ ಉಂಟು. ನಮ್ಮ ಹಾಸನದ ಕಡೆ ಅಂಥವರ ಕಣ್ಣು ಬೀಳೋದು ಶೆಟ್ಟಿಹಳ್ಳಿಯ ರೋಸರಿ ಚರ್ಚಿನ ಮೇಲೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಈಗ ಚಾವಣಿ ಇಲ್ಲ, ಉಳಿದಿರೋದು ಕಮಾನು, ಗೋಡೆ.

ಈ ಜಾಗ ಪಾಳು ಬಿದ್ದದ್ದು ಗೊರೂರು ಅಣೆಕಟ್ಟಿನಿಂದ. 1979ರಲ್ಲಿ ಕಟ್ಟೆ ಮುಗಿದು ಹೇಮಾವತಿ ಹೊಳೆಯ ಹಿನ್ನೀರು ಏರಿತು. ಜನ ಮನೆ, ಹೊಲ ಬಿಟ್ಟು ಹೊರಟರು.

ಮಳೆಗಾಲದಲ್ಲಿ ಚರ್ಚು ಅರ್ಧ ಮುಳುಗುತ್ತೆ, ಬೇಸಿಗೆಯಲ್ಲಿ ಬುಡ ಕಾಣುತ್ತೆ. ವರ್ಷ ವರ್ಷ ನೆಂದು ಒಣಗಿ ಗೋಡೆ ಸಡಿಲಾಗಿದೆ. ಕತ್ತಲಲ್ಲಿ ಕೆಸರೂ ಗೊತ್ತಾಗಲ್ಲ, ಆಳವೂ ಗೊತ್ತಾಗಲ್ಲ.

ಹಗಲಲ್ಲೇ ಹೋಗಿ. ಗೋಡೆ ಹತ್ತಬೇಡಿ, ಹೆಸರು ಕೆತ್ತಬೇಡಿ. ಊರು ಬಿಟ್ಟವರ ಕಥೆಯನ್ನು ಅಕ್ಕಪಕ್ಕದ ಹಿರಿಯರ ಹತ್ತಿರ ಕೂತು ಕೇಳಿ.