ಮನೆಯಲ್ಲಿ ಮಾಡಿದ ಗಾಳದ ಕೋಲು

ಗಾಳದ ಕೋಲನ್ನು ಕಂಡವರಾರೂ ಅದನ್ನೊಂದು ದೊಡ್ಡ ಪದಾರ್ಥವೆಂದು ಎಣಿಸುವುದಿಲ್ಲ. ಒಂದು ಬಿದಿರು, ಒಂದು ದಾರ, ದಾರದ ತುದಿಗೊಂದು ಕೊಕ್ಕೆ, ಇಷ್ಟೇ ಅಲ್ಲವೆ? ಹಿತ್ತಲಲ್ಲಿ ಬಿದಿರುಮೆಳೆಯೂ ಕೈಯಲ್ಲಿ ಕತ್ತಿಯೂ ಇರುವಾಗ ಪೇಟೆಯಲ್ಲಿ ಹಣ ತೆತ್ತು ಕೋಲನ್ನು ಕೊಳ್ಳುವುದೇತಕ್ಕೆಂದು ಗೃಹಸ್ಥನಿಗೆ ತೋರುವುದು ಸಹಜವೇ. ಆದರೆ ಮೆಳೆಯಲ್ಲಿ ನಿಂತ ಬಿದಿರಿಗೂ ಮೀನಿನ ಸೆಳೆತವನ್ನು ತಾಳತಕ್ಕ ಕೋಲಿಗೂ ನಡುವೆ ಎಷ್ಟು ದೂರವಿರುವುದೆಂಬುದು ಆ ಕೆಲಸಕ್ಕೆ ಕೈಯಿಕ್ಕಿದವರಿಗೇ ಗೊತ್ತು.

ಮಲೆನಾಡಿನಲ್ಲಿರುವ ನಮ್ಮ ಮಿತ್ರರೊಬ್ಬರು ಹತ್ತು ವರ್ಷದ ತಮ್ಮ ಮಗನಿಗೆ ಬೇಸಗೆಯ ರಜೆ ಮುಗಿಯುವುದರೊಳಗಾಗಿ ತಮ್ಮ ಕೈಯಿಂದಲೇ ಒಂದು ಕೋಲನ್ನು ಮಾಡಿಕೊಡುವುದಾಗಿ ಮಾತುಕೊಟ್ಟರು. ಮೊದಲು, ನೋಟಕ್ಕೆ ಚೆಲುವಾದ, ಹಸುರು ಮಿರುಗುವ ಎಳೆಯ ಬಿದಿರೊಂದನ್ನು ಕಡಿದು ಅಂಗಳದ ಬಿಸಿಲಿಗೆ ಹಾಕಿದರು. ವಾರ ಕಳೆಯುವುದರೊಳಗೆ ಅದು ಸುಕ್ಕಿ, ಗಿಣ್ಣಿನಿಂದ ಗಿಣ್ಣಿಗೆ ಸೀಳಿಹೋಯಿತು. ಎರಡನೆಯದು ಬಲಿತ ಬಿದಿರೇ, ಆದರೆ ಡೊಂಕು. ಅದನ್ನು ಉರಿಗೆ ಹಿಡಿದು ನೆಟ್ಟಗೆ ಮಾಡುವಾಗ ಒಂದೆಡೆ ಕರಿಕಾಗಿ, ಒತ್ತಿದ ಕೂಡಲೆ ಅಲ್ಲಿಯೇ ಮುರಿಯಿತು. ಮೂರನೆಯದಕ್ಕೆ ನುಣುಪು ಬರಲೆಂದು ಗಿಣ್ಣುಗಳನ್ನೂ ಮೇಲಿನ ಸಿಪ್ಪೆಯನ್ನೂ ಹೆರೆದರು. ನೋಡಲು ಬಹು ಸೊಗಸು. ಆದರೆ ಹೊಳೆಯಲ್ಲಿ ಗೇಣುದ್ದದ ಮೀನು ಕಚ್ಚಿ ಎಳೆದೊಡನೆಯೇ ಲಟಕ್ಕನೆ ಎರಡಾಯಿತು. ನಾಲ್ಕನೆಯದನ್ನು ಜೋಪಾನವಾಗಿ ಅಟ್ಟದ ಮೇಲಿರಿಸಿದ್ದರು. ಮಳೆ ಹಿಡಿದಮೇಲೆ ಇಳಿಸಿ ನೋಡಿದರೆ ಅದರಡಿಯಲ್ಲೆಲ್ಲ ಹಿಟ್ಟಿನ ರಾಶಿ! ಕುಟ್ಟೆಹುಳು ಕೋಲನ್ನು ಜರಡಿ ಮಾಡಿದ್ದಿತು. “ಸಾಕು ಬಿಡಿ ಅಪ್ಪಾ, ಕೊಂಡುತಂದರಾಯಿತು” ಎಂದು ಹುಡುಗನು ಹೇಳಿದಾಗ, ಕೋಲು ಮುರಿದುದಕ್ಕಿಂತ ಮಗನ ನಂಬಿಕೆ ಸಡಿಲಿದುದೇ ತಂದೆಯ ಮನಸ್ಸಿಗೆ ಹೆಚ್ಚಾಗಿ ನಾಟಿತು.

ಈ ನಾಲ್ಕು ಸೋಲುಗಳಿಗೂ ಕಾರಣವು ಬಿದಿರಿನ ಸ್ವಭಾವದಲ್ಲಿಯೇ ಇರುವುದು. ಬಿದಿರು ಹುಲ್ಲಿನ ಜಾತಿಗೆ ಸೇರಿದುದು. ಕಳಲೆಯು ಒಂದೇ ಮಳೆಗಾಲದಲ್ಲಿ ತನ್ನ ಪೂರ್ಣ ಎತ್ತರಕ್ಕೆ ಏರಿಬಿಡುವುದು. ಆಮೇಲೆ ದಪ್ಪವಾಗದೆ ಒಳಗೊಳಗೇ ಬಲಿಯುವುದು. ಹೀಗೆ ಬಲಿಯಲು ಸುಮಾರು 3 ವರ್ಷಗಳು ಬೇಕು. ಎಳೆಯದರಲ್ಲಿ ನೀರೇ ಹೆಚ್ಚಾದುದರಿಂದ ಬಿಸಿಲಿಗೆ ಒಂದೇ ಸಮನೆ ಒಣಗದೆ ಸೀಳುವುದು. ಕಾವು ತಗುಲಿದರೆ ನಾರುಗಳನ್ನು ಹಿಡಿದಿರುವ ಅಂಟು ಮೆದುವಾಗಿ ಬಿದಿರು ಬಾಗುವುದು ನಿಜ. ಆದರೆ ಉರಿಗೆ ಹಿಡಿದರೆ ಕಾವು ಒಳಕ್ಕೆ ಹೋಗುವ ಮೊದಲೇ ಮೇಲುಭಾಗ ಸುಟ್ಟುಹೋಗುವುದು. ಬಿದಿರಿನ ಬಲವನ್ನು ಹೊತ್ತಿರುವ ನಾರು ಹೊರಸಿಪ್ಪೆಯ ಬಳಿಯಲ್ಲಿ ದಟ್ಟವಾಗಿದ್ದು ಒಳಕ್ಕೆ ಹೋದಂತೆಲ್ಲ ವಿರಳವಾಗುವುದು. ಆದುದರಿಂದ ಸಿಪ್ಪೆಯನ್ನು ಹೆರೆದರೆ ಬಲವನ್ನೇ ಹೆರೆದಂತೆ. ಇನ್ನು ಕುಟ್ಟೆಹುಳುವಿಗೆ ಬೇಕಾದುದು ಒಳಗಿನ ಪಿಷ್ಟ. ಹೊಸ ಕಳಲೆಗಳಿಗಾಗಿ ಮೆಳೆಯು ಪಿಷ್ಟವನ್ನು ಕೂಡಿಟ್ಟುಕೊಂಡಿರುವ ಬೇಸಗೆಯಲ್ಲಿ ಕಡಿದ ಬಿದಿರಿಗೆ ಹುಳು ಬೇಗ ಹತ್ತುವುದು.

ಇದೇ ವಿಷಯಕ್ಕೆ ಅನ್ಯದೇಶದ ಕುಶಲಿಗಳೂ ಬಹಳ ತಲೆಕೊಟ್ಟಿರುವರು. 19ನೆಯ ಶತಮಾನದ ನಡುವಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯದ ಈಸ್ಟನ್ ಪಟ್ಟಣದಲ್ಲಿ ಸ್ಯಾಮ್ಯುಯಲ್ ಫಿಲಿಪ್ಪಿ ಎಂಬ ಕೋವಿ ಮಾಡುವವನು ಬಿದಿರನ್ನು ಸೀಳಿ, ಆ ಸೀಳುಗಳನ್ನು ಒಂದಕ್ಕೊಂದು ಅಂಟಿಸಿ ಕೋಲು ಮಾಡಿದನು. ಮುಂದೆ, ತ್ರಿಕೋಣಾಕಾರದ ಆರು ಸೀಳುಗಳನ್ನು ಸಿಪ್ಪೆಯ ಭಾಗ ಹೊರಗಿರುವಂತೆ ಜೋಡಿಸುವ ಪದ್ಧತಿಯು ಬಳಕೆಗೆ ಬಂದಿತು. ಅವರಿಗೆ ಮೊದಲು ಒದಗಿದುದು ಕಲ್ಕತ್ತೆಯ ಹೆಸರಿನಿಂದ ಮಾರಾಟವಾಗುತ್ತಿದ್ದ ನಮ್ಮ ದೇಶದ ಬಿದಿರೇ. ಬಳಿಕ ದಕ್ಷಿಣ ಚೀನದಲ್ಲಿ ಬೆಳೆಯುವ ಟಾಂಕಿನ್ ಬಿದಿರು ಆ ಸ್ಥಾನವನ್ನು ಹಿಡಿಯಿತು. ಕನ್ನಡ ನಾಡಿಗೂ ಗಾಳದ ವಿದ್ಯೆಗೂ ಹಳೆಯ ನಂಟು. ಹೆನ್ರಿ ಸಲ್ಲಿವನ್ ಥಾಮಸ್ ಎಂಬ ಅಧಿಕಾರಿಯು ಬರೆದ ‘ದಿ ರಾಡ್ ಇನ್ ಇಂಡಿಯ’ ಎಂಬ ಗ್ರಂಥವು 1873ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು.

ನಮ್ಮ ಮಿತ್ರರು ಕೊನೆಗೆ ಊರಿನ ಮೇದರ ಮುದುಕನೊಬ್ಬನನ್ನು ಕೇಳಿದರು. “ಬಿದಿರಿಗೆ ಅವಸರ ತಿಳಿಯದು, ಸ್ವಾಮೀ” ಎಂದು ಅವನು ನಕ್ಕನಂತೆ. ಅವನ ಮಾತಿನಂತೆ ದೀಪಾವಳಿ ಕಳೆದಮೇಲೆ, ಹೊಳಪು ಮಾಸಿ ಮೈಮೇಲೆ ಬೂದಿಬಣ್ಣದ ಮಚ್ಚೆಗಳೆದ್ದ, ಟೊಳ್ಳು ಕಡಮೆಯಾದ ಗಂಡುಬಿದಿರೊಂದನ್ನು ಕಡಿದು, ಪಿಷ್ಟವು ಕಳೆಯಲೆಂದು ಕೆಲವು ವಾರ ಕೆರೆಯ ನೀರಿನಲ್ಲಿ ಮುಳುಗಿಸಿಟ್ಟರು. ಬಳಿಕ ತುದಿಗೆ ಕಲ್ಲು ಕಟ್ಟಿ ನೆರಳಿನಲ್ಲಿ ತೂಗಹಾಕಿದರು. ಉಳಿದ ಡೊಂಕನ್ನು ಕೆಂಡದ ಮೇಲೆ ಮೆಲ್ಲನೆ ತಿರುಗಿಸುತ್ತ ಕಾಯಿಸಿ, ತಣಿಯುವ ತನಕ ಒತ್ತಿಹಿಡಿದು ತಿದ್ದಿದರು. ಸಿಪ್ಪೆಯನ್ನು ಮುಟ್ಟಲಿಲ್ಲ, ಗಿಣ್ಣಿನ ಮುಳ್ಳುಗಳನ್ನು ಮಾತ್ರ ತೆಗೆದು, ತುದಿ ಸೀಳದಂತೆ ಅಲ್ಲಲ್ಲಿ ನೂಲು ಸುತ್ತಿ ವಾರ್ನಿಷ್ ಬಳಿದರು. ಕೆಂಡದ ಮೇಲೆ ಕೋಲನ್ನು ತಿರುಗಿಸಿದವನು ಮಗನೇ. ಕೊಟ್ಟ ಮಾತು ಒಂದು ವರ್ಷ ತಡವಾಗಿ ಸಂದಿತು; ಆ ಕೋಲು ಈಗಲೂ ಅವರ ಮನೆಯ ಜಗಲಿಯಲ್ಲಿದೆ.

ಇಂತಹ ಕೆಲಸಕ್ಕೆ ತೊಡಗುವ ಗೃಹಸ್ಥರು ಮಕ್ಕಳಿಗೆ ಅವಧಿಯನ್ನು ಗೊತ್ತುಮಾಡಿ ಮಾತುಕೊಡದಿರುವುದು ಲೇಸು. ಒಂದಕ್ಕೆ ಬದಲಾಗಿ ಮೂರು ಬಿದಿರನ್ನು ಕಡಿದಿರಿಸಿಕೊಂಡರೆ, ಒಂದು ಕೆಟ್ಟರೂ ಮತ್ತೊಂದು ಒದಗುವುದು. ಶೃಂಗೇರಿಯ ಮಡುವಿನಂತೆ ದೇವರ ಮೀನುಗಳಿರುವ ಎಡೆಯಲ್ಲಿ ಗಾಳ ಹಾಕತಕ್ಕದ್ದಲ್ಲವೆಂಬುದನ್ನೂ ಕೋಲಿನೊಡನೆಯೇ ಮಕ್ಕಳಿಗೆ ಕಲಿಸಿಕೊಡಬೇಕು.